ಸಸ್ಯಗಳ ಗಾಯ ಮಾಯುವಿಕೆ ಮತ್ತು ಒತ್ತಡ ಸಹಿಷ್ಣುತೆಯಲ್ಲಿ ಹಾರ್ಮೋನುಗಳ ಪಾತ್ರ

ಸಸ್ಯ ಹಾರ್ಮೋನುಗಳು ಸಸ್ಯದ ಜೀವಕೋಶಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಉತ್ಪತ್ತಿಯಾಗಿ ಅದರ ಬೆಳವಣಿಗೆಯನ್ನು ನಿಯಂತ್ರಿಸುವ ಸಾವಯವ ಸಂಯುಕ್ತಗಳು. ಬೀಜ ಮೊಳೆಯುವುದು, ಕಾಂಡ ನೀಳವಾಗುವುದು, ಹೂ ಬಿಡುವುದು, ಹಣ್ಣು ಮಾಗುವುದು, ಎಲೆ ಉದುರುವುದು ಮೊದಲಾದ ಕ್ರಿಯೆಗಳಲ್ಲಿ ಇವು ಪ್ರಧಾನ ಪಾತ್ರ ವಹಿಸುತ್ತವೆ. ಗಿಡಕ್ಕೆ ಗಾಯವಾದಾಗ ಅದನ್ನು ಮುಚ್ಚುವ ಕ್ರಿಯೆಯನ್ನೂ, ಬರ, ನೆರೆ, ಉಪ್ಪು, ಚಳಿ, ಕೀಟ, ರೋಗ ಮುಂತಾದ ಒತ್ತಡಗಳನ್ನು ಗಿಡವು ಎದುರಿಸುವ ಬಗೆಯನ್ನೂ ನಿರ್ದೇಶಿಸುವುದು ಇದೇ ಸಂಯುಕ್ತಗಳೇ. ಗಿಡವು ಬೇರೂರಿದ ಸ್ಥಳದಿಂದ ಕದಲಲಾರದು. ಆದ್ದರಿಂದ ಅಪಾಯ ಬಂದಾಗ ಅದು ತನ್ನ ಬೆಳವಣಿಗೆಯ ವೇಗ ಮತ್ತು ದಿಕ್ಕನ್ನು ಬದಲಿಸಿಕೊಂಡೇ ಬದುಕಬೇಕಾಗುತ್ತದೆ. ಬೆಳವಣಿಗೆಯ ನಿಯಂತ್ರಣ ಮತ್ತು ಆತ್ಮರಕ್ಷಣೆಗಳು ಸಸ್ಯದಲ್ಲಿ ಒಂದೇ ವ್ಯವಸ್ಥೆಯ ಎರಡು ಮುಖಗಳಾಗಿರುವುದಕ್ಕೆ ಇದೇ ಕಾರಣ.

ಸಾಮಾನ್ಯ ಲಕ್ಷಣಗಳು

ಪ್ರಾಣಿಗಳಲ್ಲಿ ಅನೇಕ ಹಾರ್ಮೋನುಗಳು ನಿರ್ದಿಷ್ಟ ಗ್ರಂಥಿಗಳಲ್ಲಿ ಹುಟ್ಟಿ ರಕ್ತದ ಮೂಲಕ ಸಾಗುತ್ತವೆ. ಸಸ್ಯಗಳಲ್ಲಿ ಅಂತಹ ಗ್ರಂಥಿಗಳಿಲ್ಲ. ಚಿಗುರಿನ ತುದಿ, ಬೇರಿನ ತುದಿ, ಎಲೆ, ಬೀಜ ಹೀಗೆ ಹಲವು ಭಾಗಗಳಲ್ಲಿ ಹಾರ್ಮೋನುಗಳು ತಯಾರಾಗುತ್ತವೆ. ಕೆಲವು ತಾವು ಹುಟ್ಟಿದ ಕೋಶದಲ್ಲಿಯೇ ಕಾರ್ಯ ನಡೆಸಿದರೆ, ಕೆಲವು ದೂರದ ಭಾಗಗಳಿಗೆ ಸಾಗುತ್ತವೆ. ಎಥಿಲೀನ್ ಅನಿಲರೂಪದಲ್ಲಿ ಹರಡುತ್ತದೆ.

ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್, ಅಬ್ಸಿಸಿಕ್ ಆಮ್ಲ ಮತ್ತು ಎಥಿಲೀನ್ ಇವು ಬಹುಕಾಲದಿಂದ ಪರಿಚಿತವಾಗಿರುವ ಐದು ವರ್ಗಗಳು. ಬ್ರಾಸಿನೊಸ್ಟೀರಾಯ್ಡ್, ಜಾಸ್ಮೋನಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಮತ್ತು ಸ್ಟ್ರೈಗೊಲ್ಯಾಕ್ಟೋನ್‌ಗಳು ಅನಂತರ ಈ ಪಟ್ಟಿಗೆ ಸೇರಿದವು. ಒಂದು ಹಾರ್ಮೋನಿಗೆ ಒಂದೇ ಕೆಲಸ ಎಂಬ ನಿಯಮವಿಲ್ಲ. ಅದರ ಪ್ರಮಾಣ, ಅದನ್ನು ಗ್ರಹಿಸುವ ಕೋಶದ ಬಗೆ, ಸಸ್ಯದ ವಯಸ್ಸು ಮತ್ತು ಜೊತೆಗಿರುವ ಇತರ ಹಾರ್ಮೋನುಗಳನ್ನು ಅನುಸರಿಸಿ ಪರಿಣಾಮ ಬದಲಾಗುತ್ತದೆ. ಕಾಂಡದ ಬೆಳವಣಿಗೆಗೆ ನೆರವಾಗುವ ಆಕ್ಸಿನ್ ಪ್ರಮಾಣವು ಬೇರಿನ ಬೆಳವಣಿಗೆಯನ್ನು ತಡೆಯುವುದು ಇದಕ್ಕೆ ಪ್ರಸಿದ್ಧ ಉದಾಹರಣೆ.

ಸಂಶೋಧನೆಯ ಇತಿಹಾಸ

ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಡಾರ್ವಿನ್ ಹುಲ್ಲಿನ ಮೊಳಕೆಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1880ರಲ್ಲಿ ಪ್ರಕಟಿಸಿದರು. ಮೊಳಕೆಯ ತುದಿಯು ಬೆಳಕನ್ನು ಗ್ರಹಿಸುತ್ತದೆ, ಆದರೆ ಬಾಗುವಿಕೆ ಅದರ ಕೆಳಗಿನ ಭಾಗದಲ್ಲಿ ಸಂಭವಿಸುತ್ತದೆ ಎಂಬುದನ್ನು ಅವರು ತೋರಿಸಿದರು. ತುದಿಯಿಂದ ಕೆಳಕ್ಕೆ ಯಾವುದೋ ಪ್ರಭಾವ ಸಾಗುತ್ತದೆ ಎಂಬ ಈ ಊಹೆಯ ಮುಂದುವರಿಕೆಯಾಗಿ ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ಓಟ್ಸ್ ಮೊಳಕೆಯ ತುದಿಯಿಂದ ಆ ವಸ್ತುವನ್ನು ಅಗರ್ ತುಂಡಿಗೆ ಇಳಿಸಿ, ಅದರ ಪರಿಣಾಮವನ್ನು ಅಳೆದರು. ಅದೇ ಆಕ್ಸಿನ್.

ಗಾಯ ಮತ್ತು ಹಾರ್ಮೋನುಗಳ ಸಂಬಂಧವನ್ನು ಮೊದಲು ಆಳವಾಗಿ ಪರಿಶೀಲಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲೀಬ್ ಹೇಬರ್ಲಾಂಟ್. ಕತ್ತರಿಸಿದ ಅಂಗಾಂಶದ ಮೇಲ್ಮೈಯನ್ನು ತೊಳೆದರೆ ಅಲ್ಲಿ ಕೋಶವಿಭಜನೆ ಕುಂಠಿತವಾಗುತ್ತಿತ್ತು. ಜಜ್ಜಿದ ಅಂಗಾಂಶವನ್ನು ಅದರ ಮೇಲೆ ಹಚ್ಚಿದರೆ ವಿಭಜನೆ ಮರಳುತ್ತಿತ್ತು. ಹಾನಿಗೊಂಡ ಕೋಶಗಳಿಂದ ಹೊರಬರುವ ವಸ್ತುಗಳನ್ನು ಅವರು ‘ಗಾಯದ ಹಾರ್ಮೋನು’ಗಳೆಂದು ಕರೆದರು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಜೇಮ್ಸ್ ಇಂಗ್ಲಿಷ್ ಮತ್ತು ಜೇಮ್ಸ್ ಬಾನರ್ ಹುರುಳಿಕಾಯಿಯಿಂದ ಇಂತಹ ಒಂದು ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಟ್ರಾಮ್ಯಾಟಿಕ್ ಆಮ್ಲವೆಂಬ ಹೆಸರು ಬಂತು.

ಫೋಕ್ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳು ಮತ್ತೊಂದು ಮುಖ್ಯ ಘಟ್ಟ. ತಂಬಾಕಿನ ಕಾಂಡದ ತಿರುಳನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಿದಾಗ, ಸೈಟೊಕೈನಿನ್‌ಗಿಂತ ಆಕ್ಸಿನ್ ಹೆಚ್ಚಿದ್ದರೆ ಬೇರುಗಳೂ, ಆಕ್ಸಿನ್‌ಗಿಂತ ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರುಗಳೂ ಮೂಡಿದವು. ಎರಡೂ ಸಮತೋಲನದಲ್ಲಿದ್ದಾಗ ನಿರ್ದಿಷ್ಟ ರೂಪವಿಲ್ಲದ ಕೋಶರಾಶಿ ಬೆಳೆಯಿತು. ಹಾರ್ಮೋನಿನ ಒಟ್ಟು ಮೊತ್ತಕ್ಕಿಂತ ಹಾರ್ಮೋನುಗಳ ಅನುಪಾತ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಯಿತು. ಇಂದಿನ ಅಂಗಾಂಶ ಕೃಷಿ ಇದೇ ತತ್ತ್ವವನ್ನು ಅವಲಂಬಿಸಿದೆ.

ಗಾಯ ಮಾಯುವ ಕ್ರಮ

ಪ್ರಾಣಿಯ ಚರ್ಮದಲ್ಲಿ ಗಾಯವಾದಾಗ ಹೊಸ ಕೋಶಗಳು ಹಾಳಾದವುಗಳ ಸ್ಥಾನವನ್ನು ತುಂಬುತ್ತವೆ. ಮರದ ಕಾಂಡದಲ್ಲಿ ಹಾಗಾಗುವುದಿಲ್ಲ. ಹಾಳಾದ ಮರಭಾಗವು ಹಾಳಾಗಿಯೇ ಉಳಿಯುತ್ತದೆ. ಮರವು ಅದನ್ನು ಸುತ್ತುವರಿದು ಪ್ರತ್ಯೇಕಿಸಿ, ಅದರ ಮೇಲೆ ಹೊಸ ಪದರವನ್ನು ಬೆಳೆಸುತ್ತದೆ. ಕೊಂಬೆ ಕಡಿದ ಜಾಗದಲ್ಲಿ ಅಂಚಿನಿಂದ ಒಳಮುಖವಾಗಿ ಉಂಗುರದಂತೆ ಉಬ್ಬಿ ಬರುವ ಭಾಗವು ಇದೇ. ಆದ್ದರಿಂದ ಸಸ್ಯದ ಗಾಯವು ‘ಮಾಯುತ್ತದೆ’ ಎನ್ನುವುದಕ್ಕಿಂತ ‘ಮುಚ್ಚಿಕೊಳ್ಳುತ್ತದೆ’ ಎನ್ನುವುದು ಹೆಚ್ಚು ಸರಿ.

ಈ ಕ್ರಿಯೆಯನ್ನು ಸ್ಥೂಲವಾಗಿ ಮೂರು ಹಂತಗಳಲ್ಲಿ ವಿವರಿಸಬಹುದು.

ಮೊದಲನೆಯದು ತಡೆ. ಕತ್ತರಿಸಿದ ಮೇಲ್ಮೈಯ ಕೋಶಗಳು ತಮ್ಮ ಭಿತ್ತಿಯಲ್ಲಿ ಲಿಗ್ನಿನ್ ಮತ್ತು ಸೂಬರಿನ್ ಎಂಬ ಪದಾರ್ಥಗಳನ್ನು ಶೇಖರಿಸಿ, ನೀರು ಹೊರಹೋಗದಂತೆಯೂ ರೋಗಾಣುಗಳು ಒಳಬರದಂತೆಯೂ ತಡೆಯುತ್ತವೆ. ಆಲೂಗಡ್ಡೆಯನ್ನು ಬಿತ್ತನೆಗಾಗಿ ಹೋಳು ಮಾಡಿ ಕೆಲವು ದಿನ ತೇವವಿರುವ ಗಾಳಿಯಲ್ಲಿ ಇಟ್ಟರೆ ಕತ್ತರಿಸಿದ ಭಾಗ ಗಟ್ಟಿಯಾಗುವುದು ಇದರಿಂದಲೇ. ಆಲೂಗಡ್ಡೆಯಲ್ಲಿ ಸೂಬರಿನ್ ರಚನೆಗೆ ಅಬ್ಸಿಸಿಕ್ ಆಮ್ಲವು ಉತ್ತೇಜನ ನೀಡುತ್ತದೆ.

ಎರಡನೆಯದು ಕೋಶವಿಭಜನೆ. ಗಾಯದ ಸಮೀಪದಲ್ಲಿರುವ, ಅದುವರೆಗೆ ವಿಭಜನೆಯನ್ನು ನಿಲ್ಲಿಸಿದ್ದ ಕೋಶಗಳು ಮತ್ತೆ ವಿಭಜನೆಗೊಂಡು ಕ್ಯಾಲಸ್ ಎಂಬ ಮೃದುವಾದ ಅಂಗಾಂಶವನ್ನು ನಿರ್ಮಿಸುತ್ತವೆ. ಇಲ್ಲಿ ಆಕ್ಸಿನ್ ಮತ್ತು ಸೈಟೊಕೈನಿನ್‌ಗಳ ಪಾತ್ರ ಹಿರಿದು.

ಮೂರನೆಯದು ಮರುಜೋಡಣೆ. ನೀರನ್ನು ಸಾಗಿಸುವ ಕ್ಸೈಲಂ ಮತ್ತು ಆಹಾರವನ್ನು ಸಾಗಿಸುವ ಫ್ಲೋಯಂ ನಾಳಗಳು ತುಂಡಾಗಿದ್ದರೆ ಅವು ಮತ್ತೆ ಕೂಡಿಕೊಳ್ಳಬೇಕು. ಆಕ್ಸಿನ್ ಚಿಗುರಿನ ತುದಿಯಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ನಾಳ ತುಂಡಾದಾಗ ಅದು ಗಾಯದ ಮೇಲ್ಭಾಗದಲ್ಲಿ ಶೇಖರವಾಗಿ, ಕೆಳಭಾಗದಲ್ಲಿ ಕಡಿಮೆಯಾಗುತ್ತದೆ. ಶೇಖರವಾದ ಆಕ್ಸಿನ್ ಗಾಯವನ್ನು ಬಳಸಿಕೊಂಡು ಹರಿಯತೊಡಗಿದಾಗ, ಅದು ಹರಿದ ದಾರಿಯಲ್ಲಿರುವ ಕೋಶಗಳು ಹೊಸ ನಾಳಗಳಾಗಿ ಮಾರ್ಪಡುತ್ತವೆ. ಕೋಲಿಯಸ್ ಗಿಡದಲ್ಲಿ ಗಾಯದ ಸುತ್ತ ಹೊಸ ಕ್ಸೈಲಂ ಮೂಡುವುದು ಆಕ್ಸಿನ್ ಪೂರೈಕೆಯನ್ನು ಅವಲಂಬಿಸಿದೆ ಎಂಬುದನ್ನು ವಿಲಿಯಂ ಜೇಕಬ್ಸ್ 1952ರಲ್ಲಿ ತೋರಿಸಿದರು.

ಕಸಿ ಮತ್ತು ಗೂಟಿ

ತೋಟಗಾರಿಕೆಯಲ್ಲಿ ರೂಢಿಯಲ್ಲಿರುವ ಕಸಿ ವಿಧಾನವು ಸಸ್ಯದ ಈ ಸಾಮರ್ಥ್ಯದ ಬಳಕೆಯೇ ಆಗಿದೆ. ಮಾವಿನ ಬೇರುಗಿಡಕ್ಕೆ ಉತ್ತಮ ತಳಿಯ ಕಡ್ಡಿಯನ್ನು ಕೂಡಿಸಿ ಕಟ್ಟಿದಾಗ, ಎರಡೂ ಕಡೆಯ ಕ್ಯಾಂಬಿಯಂ ಪದರಗಳು ಕ್ಯಾಲಸ್ ಮೂಲಕ ಬೆಸೆದುಕೊಂಡು ನಾಳಗಳು ಒಂದಾಗುತ್ತವೆ. ಕ್ಯಾಂಬಿಯಂ ಪದರಗಳು ಪರಸ್ಪರ ತಾಗದಿದ್ದರೆ ಕಸಿ ಸಾಮಾನ್ಯವಾಗಿ ಹಿಡಿಯುವುದಿಲ್ಲ.

ಗೂಟಿ ಕಟ್ಟುವ ವಿಧಾನದಲ್ಲಿ ದಾಳಿಂಬೆ, ಸೀಬೆ ಮೊದಲಾದವುಗಳ ಕೊಂಬೆಯಿಂದ ಉಂಗುರದಾಕಾರದಲ್ಲಿ ತೊಗಟೆಯನ್ನು ತೆಗೆದು, ಆ ಜಾಗಕ್ಕೆ ತೇವವಾದ ಪಾಚಿಯನ್ನು ಸುತ್ತಿ ಕಟ್ಟಲಾಗುತ್ತದೆ. ಕೆಳಕ್ಕೆ ಇಳಿಯುವ ಆಕ್ಸಿನ್ ಮತ್ತು ಆಹಾರಗಳೆರಡೂ ಉಂಗುರದ ಮೇಲಂಚಿನಲ್ಲಿ ತಡೆಯಲ್ಪಟ್ಟು ಅಲ್ಲಿಯೇ ಬೇರುಗಳು ಮೂಡುತ್ತವೆ. ಬೇರು ಬೇಗ ಬರಲೆಂದು ಹಚ್ಚುವ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಇಂಡೋಲ್ ಬ್ಯುಟಿರಿಕ್ ಆಮ್ಲವೆಂಬ ಆಕ್ಸಿನ್.

ಕೀಟ ಮತ್ತು ರೋಗಗಳ ವಿರುದ್ಧ ರಕ್ಷಣೆ

ಕೀಟವು ಎಲೆಯನ್ನು ಕಚ್ಚುವುದೂ ಒಂದು ಗಾಯವೇ. ಅಮೆರಿಕದ ಕ್ಲಾರೆನ್ಸ್ ರಯಾನ್ ಮತ್ತು ಟಿ. ಆರ್. ಗ್ರೀನ್ 1972ರಲ್ಲಿ ಆಲೂಗಡ್ಡೆ ಮತ್ತು ಟೊಮೆಟೊ ಗಿಡಗಳ ಕುರಿತು ಒಂದು ಮಹತ್ವದ ವಿಷಯವನ್ನು ಪ್ರಕಟಿಸಿದರು. ಜೀರುಂಡೆ ಒಂದು ಎಲೆಯನ್ನು ತಿಂದಾಗ, ಗಾಯವಾಗದ ಇತರ ಎಲೆಗಳಲ್ಲಿಯೂ ಕೀಟದ ಜೀರ್ಣಕಿಣ್ವಗಳನ್ನು ತಡೆಯುವ ಪ್ರೋಟೀನುಗಳು ಶೇಖರವಾಗುತ್ತಿದ್ದವು. ಸುದ್ದಿಯು ಎಲೆಯಿಂದ ಎಲೆಗೆ ತಲುಪುತ್ತಿತ್ತು ಎಂದಾಯಿತು. ಈ ಸಂದೇಶ ವ್ಯವಸ್ಥೆಯ ಕೇಂದ್ರದಲ್ಲಿರುವುದು ಜಾಸ್ಮೋನಿಕ್ ಆಮ್ಲವೆಂಬುದು ಅನಂತರ ತಿಳಿದುಬಂತು. ಮಲ್ಲಿಗೆ ಜಾತಿಯ ಹೂವಿನ ತೈಲದಲ್ಲಿ ಇದರ ಮೀಥೈಲ್ ರೂಪ 1962ರಲ್ಲಿ ದೊರೆತದ್ದರಿಂದ ಈ ವರ್ಗಕ್ಕೆ ಮಲ್ಲಿಗೆಯ ಹೆಸರು ಅಂಟಿಕೊಂಡಿದೆ.

ರೋಗಾಣುಗಳ ವಿಷಯದಲ್ಲಿ ಸ್ಯಾಲಿಸಿಲಿಕ್ ಆಮ್ಲವು ಮುಖ್ಯವಾಗುತ್ತದೆ. ತಂಬಾಕಿನ ಎಲೆಗಳಿಗೆ ಆಸ್ಪಿರಿನ್ ನೀಡಿದಾಗ ಮೊಸಾಯಿಕ್ ವೈರಸ್ಸಿನ ವಿರುದ್ಧ ಅವುಗಳ ನಿರೋಧ ಹೆಚ್ಚುವುದನ್ನು ಇಂಗ್ಲೆಂಡಿನ ಆರ್. ಎಫ್. ವೈಟ್ 1979ರಲ್ಲಿ ವರದಿ ಮಾಡಿದರು. ಆಸ್ಪಿರಿನ್ ಎಂಬುದು ಸ್ಯಾಲಿಸಿಲಿಕ್ ಆಮ್ಲದಿಂದಲೇ ತಯಾರಾಗುವ ಔಷಧ.

ಜೀವಂತ ಕೋಶಗಳಿಂದ ಆಹಾರ ಪಡೆಯುವ ರೋಗಾಣುಗಳ ವಿರುದ್ಧ ಸ್ಯಾಲಿಸಿಲಿಕ್ ಆಮ್ಲವೂ, ಎಲೆ ತಿನ್ನುವ ಕೀಟಗಳು ಹಾಗೂ ಕೋಶಗಳನ್ನು ಕೊಂದು ತಿನ್ನುವ ರೋಗಾಣುಗಳ ವಿರುದ್ಧ ಜಾಸ್ಮೋನಿಕ್ ಆಮ್ಲವೂ ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ಹಲವು ಸಂದರ್ಭಗಳಲ್ಲಿ ಇವೆರಡೂ ಒಂದನ್ನೊಂದು ತಗ್ಗಿಸುತ್ತವೆ. ಹೀಗಾಗಿ ಒಂದು ಬಗೆಯ ಶತ್ರುವಿಗೆ ಸಿದ್ಧವಾದ ಗಿಡವು ಮತ್ತೊಂದು ಬಗೆಯ ಶತ್ರುವಿಗೆ ಸುಲಭವಾಗಿ ತುತ್ತಾಗಬಹುದು.

ನೀರಿನ ಕೊರತೆ

ಮಣ್ಣಿನಲ್ಲಿ ತೇವ ಕಡಿಮೆಯಾದಾಗ ಸಸ್ಯದಲ್ಲಿ ಅಬ್ಸಿಸಿಕ್ ಆಮ್ಲದ ಪ್ರಮಾಣ ಏರುತ್ತದೆ. ಬಾಡಿದ ಗೋಧಿ ಎಲೆಗಳಲ್ಲಿ ಈ ಏರಿಕೆಯು 1969ರಲ್ಲಿ ವರದಿಯಾಯಿತು. ಎಲೆಯ ಮೇಲಿರುವ ಪತ್ರರಂಧ್ರಗಳ ಎರಡೂ ಬದಿಯ ಕಾವಲು ಕೋಶಗಳು ಈ ಆಮ್ಲವನ್ನು ಗ್ರಹಿಸಿದಾಗ ಅವುಗಳಿಂದ ಪೊಟ್ಯಾಸಿಯಂ ಮೊದಲಾದ ಅಯಾನುಗಳು ಹೊರಹೋಗುತ್ತವೆ, ನೀರೂ ಹಿಂಬಾಲಿಸುತ್ತದೆ. ಕೋಶಗಳು ಸಡಿಲಗೊಂಡು ರಂಧ್ರ ಮುಚ್ಚುತ್ತದೆ. ಇದರ ಜೊತೆಗೆ ಕೋಶಗಳನ್ನು ಒಣಗುವಿಕೆಯಿಂದ ಕಾಪಾಡುವ ಪ್ರೋಟೀನುಗಳೂ ತಯಾರಾಗುತ್ತವೆ. ಈ ಆಮ್ಲವನ್ನು ಗ್ರಹಿಸುವ ಪ್ರೋಟೀನುಗಳ ಒಂದು ಮುಖ್ಯ ಗುಂಪನ್ನು 2009ರಲ್ಲಿ ಗುರುತಿಸಲಾಯಿತು.

ಈ ರಕ್ಷಣೆಗೆ ಬೆಲೆಯುಂಟು. ಪತ್ರರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ತಗ್ಗುತ್ತದೆ. ದ್ಯುತಿಸಂಶ್ಲೇಷಣೆ ಇಳಿದು ಬೆಳವಣಿಗೆ ಕುಂಠಿತವಾಗುತ್ತದೆ. ಬರ ದೀರ್ಘವಾದರೆ ಗಿಡ ಜೀವ ಉಳಿಸಿಕೊಂಡರೂ ಇಳುವರಿ ಕುಸಿಯಬಹುದು.

ನೆರೆ ಮತ್ತು ಭತ್ತ

ಒಂದೇ ಹಾರ್ಮೋನು ಎರಡು ವಿರುದ್ಧ ಮಾರ್ಗಗಳಿಗೆ ದಾರಿಮಾಡುವುದನ್ನು ಭತ್ತದಲ್ಲಿ ಕಾಣಬಹುದು. ಪೈರು ನೀರಿನಲ್ಲಿ ಮುಳುಗಿದಾಗ ಅದರಲ್ಲಿ ಹುಟ್ಟಿದ ಎಥಿಲೀನ್ ಹೊರಹೋಗಲಾರದೆ ಒಳಗೇ ಶೇಖರವಾಗುತ್ತದೆ, ಏಕೆಂದರೆ ಅನಿಲಗಳು ಗಾಳಿಗಿಂತ ನೀರಿನಲ್ಲಿ ಬಹಳ ನಿಧಾನವಾಗಿ ಹರಡುತ್ತವೆ. ಸಾಮಾನ್ಯ ತಳಿಗಳಲ್ಲಿ ಈ ಎಥಿಲೀನ್ ಜಿಬ್ಬರೆಲಿನ್‌ನ ಪ್ರಭಾವವನ್ನು ಹೆಚ್ಚಿಸಿ, ಪೈರು ನೀರಿನಿಂದ ಮೇಲೆ ಬರಲು ನೀಳವಾಗಿ ಬೆಳೆಯುವಂತೆ ಮಾಡುತ್ತದೆ. ತಿಂಗಳುಗಟ್ಟಲೆ ನೀರು ನಿಲ್ಲುವ ಪ್ರದೇಶಗಳ ಆಳನೀರಿನ ಭತ್ತವು ಬದುಕುವುದೇ ಹೀಗೆ. ಆದರೆ ಕೆಲವೇ ದಿನಗಳ ನೆರೆಯಲ್ಲಿ ಈ ಪ್ರಯತ್ನವು ಮುಳುವಾಗುತ್ತದೆ. ಪೈರು ತನ್ನ ಆಹಾರ ಸಂಗ್ರಹವನ್ನೆಲ್ಲ ವ್ಯಯಿಸಿ, ನೀರು ಇಳಿದ ಮೇಲೆ ನಿತ್ರಾಣವಾಗಿ ಒರಗಿ ಸಾಯುತ್ತದೆ.

ಒಡಿಶಾ ಮೂಲದ ಎಫ್‌ಆರ್13ಎ ಎಂಬ ತಳಿಯು ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ಅದರಲ್ಲಿರುವ ಸಬ್1ಎ ಎಂಬ ವಂಶವಾಹಿಯು ಎಥಿಲೀನ್‌ನಿಂದ ಪ್ರಚೋದಿತವಾಗಿ, ಜಿಬ್ಬರೆಲಿನ್‌ಗೆ ಪೈರು ತೋರುವ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ. ಪೈರು ಬೆಳೆಯದೆ, ಸಂಗ್ರಹವನ್ನು ಉಳಿಸಿಕೊಂಡು, ನೀರು ಇಳಿಯುವವರೆಗೆ ಸುಪ್ತವಾಗಿರುತ್ತದೆ. ಈ ವಂಶವಾಹಿಯನ್ನು 2006ರಲ್ಲಿ ಗುರುತಿಸಲಾಯಿತು. ಜನಪ್ರಿಯ ‘ಸ್ವರ್ಣ’ ತಳಿಗೆ ಸಂಕರಣದ ಮೂಲಕ ಈ ಗುಣವನ್ನು ಸೇರಿಸಿ ರೂಪಿಸಿದ ‘ಸ್ವರ್ಣ-ಸಬ್1’ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಇದು ಸುಮಾರು ಎರಡು ವಾರಗಳ ಮುಳುಗಡೆಯನ್ನು ಸಹಿಸಬಲ್ಲದು.

ಬೆಳವಣಿಗೆ ಮತ್ತು ರಕ್ಷಣೆಯ ಸಮತೋಲನ

ಸಸ್ಯದ ಸಂಪನ್ಮೂಲ ಮಿತವಾದದ್ದು. ರಕ್ಷಣೆಗೆ ವಿನಿಯೋಗವಾದ ಶಕ್ತಿಯು ಬೆಳವಣಿಗೆಗೆ ಸಿಗುವುದಿಲ್ಲ. ಜಿಬ್ಬರೆಲಿನ್‌ನ ಪ್ರಭಾವವನ್ನು ತಡೆಹಿಡಿಯುವ ಡೆಲ್ಲಾ ಎಂಬ ಪ್ರೋಟೀನುಗಳು ಈ ಹಂಚಿಕೆಯ ಒಂದು ಮುಖ್ಯ ಕೀಲಿ. ಅವು ಹೆಚ್ಚಿದ್ದಾಗ ಗಿಡವು ಗಿಡ್ಡವಾಗಿ ಬೆಳೆಯುತ್ತದೆ, ಅನೇಕ ಒತ್ತಡಗಳನ್ನು ಹೆಚ್ಚು ಸಹಿಸುತ್ತದೆ. ಹಸಿರು ಕ್ರಾಂತಿಯ ಗಿಡ್ಡ ಗೋಧಿ ತಳಿಗಳ ವಂಶವಾಹಿಗಳು ಇದೇ ಪ್ರೋಟೀನುಗಳಿಗೆ ಸಂಬಂಧಿಸಿದವು ಎಂಬುದು 1999ರಲ್ಲಿ ತಿಳಿಯಿತು. ಗೊಬ್ಬರ ಹಾಕಿದರೂ ಆ ಪೈರು ಉದ್ದವಾಗಿ ಬೆಳೆದು ನೆಲಕ್ಕೆ ಒರಗಲಿಲ್ಲ.

ಕೃಷಿಯಲ್ಲಿ ಬಳಕೆ ಮತ್ತು ಮಿತಿಗಳು

ಬೀಜರಹಿತ ದ್ರಾಕ್ಷಿಯ ಕಾಳು ದಪ್ಪವಾಗಲು ಜಿಬ್ಬರೆಲಿಕ್ ಆಮ್ಲವನ್ನು ಬಳಸುವುದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ತೋಟಗಳಲ್ಲಿಯೂ ರೂಢಿಯಲ್ಲಿದೆ. ಮಾವಿನಲ್ಲಿ ಎಲೆಚಿಗುರನ್ನು ತಗ್ಗಿಸಿ ಹೂ ಬರಿಸಲು ಬಳಸುವ ಪ್ಯಾಕ್ಲೊಬ್ಯುಟ್ರಜಾಲ್, ಗೋಧಿ ಪೈರು ಒರಗದಂತೆ ಮಾಡುವ ಕ್ಲೋರ್‌ಮೆಕ್ವಾಟ್ ಇವೆರಡೂ ಗಿಡದೊಳಗೆ ಜಿಬ್ಬರೆಲಿನ್ ತಯಾರಾಗುವುದನ್ನು ತಡೆಯುತ್ತವೆ. ಪ್ಯಾಕ್ಲೊಬ್ಯುಟ್ರಜಾಲ್ ಮಣ್ಣಿನಲ್ಲಿ ಬಹುಕಾಲ ಉಳಿಯಬಲ್ಲದು.

ಪ್ರಮಾಣದ ಮಹತ್ವಕ್ಕೆ 2,4-ಡಿ ಉತ್ತಮ ನಿದರ್ಶನ. ಈ ಕೃತಕ ಆಕ್ಸಿನ್ ಅತ್ಯಲ್ಪ ಪ್ರಮಾಣದಲ್ಲಿ ಅಂಗಾಂಶ ಕೃಷಿಯಲ್ಲಿ ಕ್ಯಾಲಸ್ ಬೆಳೆಸಲು ನೆರವಾಗುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಕಳೆನಾಶಕವಾಗುತ್ತದೆ.

ಭಾರತದಲ್ಲಿ ಜಿಬ್ಬರೆಲಿಕ್ ಆಮ್ಲದಂತಹ ಬೆಳವಣಿಗೆ ನಿಯಂತ್ರಕಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಗೆ ಒಳಪಟ್ಟಿವೆ. ಜೈವಿಕ ಉತ್ತೇಜಕಗಳೆಂದು ಮಾರಾಟವಾಗುವ ಉತ್ಪನ್ನಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಹಾರ್ಮೋನುಗಳು ಪೋಷಕಾಂಶಗಳಲ್ಲ, ನೀರು ಗೊಬ್ಬರಗಳಿಗೆ ಪರ್ಯಾಯವೂ ಅಲ್ಲ. ಅವು ಗಿಡದಲ್ಲಿ ಈಗಾಗಲೇ ಇರುವ ಶಕ್ತಿಯು ಯಾವ ಕಾರ್ಯಕ್ಕೆ ಸಲ್ಲಬೇಕೆಂಬುದನ್ನು ನಿರ್ಧರಿಸುತ್ತವೆ. ಆದ್ದರಿಂದ ಬೆಳವಣಿಗೆಯನ್ನು ಹೆಚ್ಚಿಸುವ ಸಿಂಪಡಣೆಯು ಒತ್ತಡ ನಿರೋಧವನ್ನೂ ಹೆಚ್ಚಿಸುತ್ತದೆಂದು ಭಾವಿಸುವಂತಿಲ್ಲ. ಬೆಳೆ, ಅದರ ಹಂತ, ಪ್ರಮಾಣ ಮತ್ತು ಹವಾಮಾನಗಳನ್ನು ಅನುಸರಿಸಿ ಫಲಿತಾಂಶವು ವಿರುದ್ಧವೂ ಆಗಬಹುದು.