ತೆರೆಯ ಮೇಲಿನ ಪಾಠವೂ ಉಪಾಧ್ಯಾಯಿನಿಯ ಕರ್ತವ್ಯವೂ

ಕಿವಿಯಿಂದ ಕೇಳಿದುದಕ್ಕಿಂತ ಕಣ್ಣಿನಿಂದ ಕಂಡುದು ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವುದೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಕಂಡುದೆಲ್ಲವೂ ಕಲಿತುದಾಗುವುದೇ ಎಂದು ಕೇಳುವವರು ಕಡಮೆ. ಇಂದು ನಮ್ಮ ಬಾಲಿಕೆಯರು ಅಂಗೈಯಗಲದ ಫೋನಿನಲ್ಲಿ ದಿನಕ್ಕೆ ಹತ್ತಾರು ಚಲಚ್ಚಿತ್ರಗಳನ್ನು ನೋಡುತ್ತಾರೆ. ಅನೇಕ ಪಾಠಶಾಲೆಗಳ ಗೋಡೆಗಳ ಮೇಲೆಯೂ ತೆರೆಗಳು ಬಂದಿವೆ. ಹೀಗಿರಲಾಗಿ, ಈ ಪ್ರಶ್ನೆಯು ನಮ್ಮ ಕಾಲಕ್ಕೇ ಹುಟ್ಟಿದುದೆಂದು ತೋರಬಹುದು. ಆದರೆ ಸುಮಾರು 1920ರಿಂದ 1960ರ ವರೆಗೆ ಶಾಲೆಗಳಿಗಾಗಿಯೂ ಗ್ರಾಮಗಳಿಗಾಗಿಯೂ ವಿದ್ಯಾಚಿತ್ರಗಳನ್ನು ತಯಾರಿಸಿದವರು ಇದನ್ನೇ ಕೇಳಿಕೊಂಡು, ಪರೀಕ್ಷೆ ಮಾಡಿ, ಕೆಲವು ಉತ್ತರಗಳನ್ನು ಕಂಡುಕೊಂಡಿದ್ದರು. ಆ ಉತ್ತರಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೇರಿಕದ ಥಾಮಸ್ ಎಡಿಸನ್ನನು 1913ರಲ್ಲಿ, ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ನಿರುಪಯುಕ್ತವಾಗುವುವೆಂದೂ, ಮಾನವ ಜ್ಞಾನದ ಎಲ್ಲ ಶಾಖೆಗಳನ್ನೂ ಚಲಚ್ಚಿತ್ರದ ಮೂಲಕವೇ ಬೋಧಿಸಬಹುದೆಂದೂ ಭವಿಷ್ಯ ನುಡಿದನು. ಆ ಭವಿಷ್ಯವು ನಿಜವಾಗಲಿಲ್ಲ. ಅಂದಿನ ಫಿಲ್ಮು 35 ಮಿಲಿಮೀಟರು ಅಗಲದ್ದಾಗಿದ್ದು, ಬಹು ಬೇಗ ಬೆಂಕಿ ಹತ್ತುವ ನೈಟ್ರೇಟ್ ದ್ರವ್ಯದಿಂದ ಮಾಡಲ್ಪಟ್ಟಿತ್ತು. ಮಕ್ಕಳು ತುಂಬಿದ ಕೋಣೆಯಲ್ಲಿ ಅಂಥ ಪದಾರ್ಥವನ್ನು ಉರಿಯುವ ದೀಪದ ಮುಂದೆ ಓಡಿಸುವುದು ಅಪಾಯಕರವಾಗಿತ್ತು. 1923ರಲ್ಲಿ ಕೊಡಕ್ ಕಂಪೆನಿಯವರು ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ದ್ರವ್ಯದ, 16 ಮಿಲಿಮೀಟರು ಅಗಲದ ಫಿಲ್ಮನ್ನು ಹೊರತಂದ ಮೇಲೆಯೇ ಚಲಚ್ಚಿತ್ರವು ತರಗತಿಯ ಬಾಗಿಲನ್ನು ನಿರ್ಭಯವಾಗಿ ಪ್ರವೇಶಿಸಿತು.

ಈ ಸಣ್ಣ ಫಿಲ್ಮಿನ ಲೆಕ್ಕವನ್ನು ನಮ್ಮ ವಿದ್ಯಾರ್ಥಿನಿಯರು ತಿಳಿಯುವುದು ಉಪಯುಕ್ತ. ಒಂದು ಅಡಿ ಉದ್ದದಲ್ಲಿ 40 ಬಿಡಿ ಚಿತ್ರಗಳಿರುತ್ತವೆ. ಮಾತಿನ ಚಿತ್ರವಾದರೆ ಸೆಕೆಂಡಿಗೆ 24 ಬಿಡಿ ಚಿತ್ರಗಳಂತೆ, ನಿಮಿಷಕ್ಕೆ 36 ಅಡಿ ಫಿಲ್ಮು ಯಂತ್ರದಲ್ಲಿ ಹಾದುಹೋಗುವುದು. ಆದುದರಿಂದ 400 ಅಡಿಯ ಒಂದು ಸುರುಳಿಯು ಸುಮಾರು 11 ನಿಮಿಷಗಳಲ್ಲಿ ಮುಗಿಯುತ್ತದೆ. ಬಹುತರವಾದ ಶಾಲಾಚಿತ್ರಗಳು ಈ ಒಂದು ಸುರುಳಿಯ ಅಳತೆಯವೇ ಆಗಿದ್ದುವು. ಮುಕ್ಕಾಲು ಗಂಟೆಯ ಪಾಠದಲ್ಲಿ ಚಿತ್ರಕ್ಕೆ 11 ನಿಮಿಷ ಹೋದರೆ ಉಪಾಧ್ಯಾಯಿನಿಗೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ಉಳಿಯುವುದು. ಈ ಉಳಿದ ಕಾಲದ ಮಹತ್ವವನ್ನು ಮುಂದೆ ವಿವರಿಸುವೆನು.

ಪುಸ್ತಕವಾಗಲಿ ಕಪ್ಪು ಹಲಗೆಯಾಗಲಿ ತೋರಿಸಲಾರದುದನ್ನು ಚಲಚ್ಚಿತ್ರವು ತೋರಿಸಬಲ್ಲುದೆಂಬುದರಲ್ಲಿ ಸಂದೇಹವಿಲ್ಲ. ಮೊಗ್ಗು ಅರಳುವ ವಿಷಯವನ್ನೇ ತೆಗೆದುಕೊಳ್ಳೋಣ. ಒಂದು ಮೊಗ್ಗು ಅರಳಲು 12 ಗಂಟೆ ಬೇಕೆಂದಿಟ್ಟುಕೊಂಡರೆ, ಯಾವ ಮಗುವೂ ಅಷ್ಟು ಹೊತ್ತು ಕದಲದೆ ಕುಳಿತು ನೋಡಲಾರದು. ಮೂರು ನಿಮಿಷಕ್ಕೊಂದರಂತೆ ಚಿತ್ರ ತೆಗೆದರೆ 240 ಬಿಡಿ ಚಿತ್ರಗಳಾಗುವುವು. ಅವನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಹತ್ತೇ ಸೆಕೆಂಡುಗಳಲ್ಲಿ ಹೂವು ನಮ್ಮ ಕಣ್ಣೆದುರಿಗೆ ಅರಳುವುದು. ಇಂಗ್ಲೆಂಡಿನ ಪರ್ಸಿ ಸ್ಮಿತ್ ಎಂಬಾತನು 1910ರಲ್ಲಿಯೇ ಈ ಕ್ರಮದಿಂದ ಹೂವುಗಳ ಚಿತ್ರವನ್ನು ತಯಾರಿಸಿದ್ದನು. ಮುಂದೆ 1922ರಿಂದ 1933ರ ವರೆಗೆ ನಡೆದ ‘ಸೀಕ್ರೆಟ್ಸ್ ಆಫ್ ನೇಚರ್’ ಎಂಬ ಚಿತ್ರಮಾಲೆಯಲ್ಲಿ ಆತನು ಸಸ್ಯಗಳ ಮತ್ತು ಕೀಟಗಳ ಜೀವನವನ್ನು ತೋರಿಸಿದನು. ಅದೇ ಮಾಲೆಯಲ್ಲಿ ಆತನೊಡನೆ ಕೆಲಸಮಾಡಿದ ಮೇರಿ ಫೀಲ್ಡ್ ಎಂಬ ಮಹಿಳೆಯು ಮೊದಲು ಚರಿತ್ರೆಯ ಉಪಾಧ್ಯಾಯಿನಿಯಾಗಿದ್ದವಳು. ಚಲಚ್ಚಿತ್ರರಂಗದಲ್ಲಿ ಹೆಂಗಸರು ವಿರಳರಾಗಿದ್ದ ಆ ಕಾಲದಲ್ಲಿ ನಿರ್ದೇಶಕಿಯಾಗಿ, ಅನಂತರ ಮಕ್ಕಳ ಚಿತ್ರಗಳ ನಿರ್ಮಾಣಕ್ಕೆ ಮುಖ್ಯಳಾದಳು.

ಅಮೇರಿಕದಲ್ಲಿ ಈ ಕೆಲಸವು ದೊಡ್ಡ ಉದ್ಯಮವಾಗಿಯೇ ಬೆಳೆಯಿತು. 1943ರಲ್ಲಿ ಎನ್‌ಸೈಕ್ಲೊಪೀಡಿಯ ಬ್ರಿಟಾನಿಕ ಫಿಲ್ಮ್ಸ್ ಎಂಬ ಸಂಸ್ಥೆಯು ಏರ್ಪಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಶಿಕ್ಷಣಕ್ಕೆ ಚಲಚ್ಚಿತ್ರಗಳನ್ನು ಹೇರಳವಾಗಿ ಬಳಸಿದ್ದರಿಂದ, ಯುದ್ಧವು ಮುಗಿದ ತರುವಾಯ ಮಿಕ್ಕ ಪ್ರೊಜೆಕ್ಟರುಗಳು ಅಲ್ಲಿಯ ಶಾಲೆಗಳಿಗೆ ಬಂದುವು.

ಚಿತ್ರದಿಂದ ನಿಜವಾಗಿಯೂ ವಿದ್ಯೆಯು ಹೆಚ್ಚುವುದೇ ಎಂಬುದನ್ನು ಅಲ್ಲಿಯವರು ಪರೀಕ್ಷಿಸದೆ ಬಿಡಲಿಲ್ಲ. ವುಡ್ ಮತ್ತು ಫ್ರೀಮನ್ ಎಂಬ ವಿದ್ವಾಂಸರು 12 ನಗರಗಳ ಸುಮಾರು 11,000 ಮಕ್ಕಳಲ್ಲಿ ನಡೆಸಿದ ಪರೀಕ್ಷೆಯ ಫಲವು 1929ರಲ್ಲಿ ಪ್ರಕಟವಾಯಿತು. ಭೂಗೋಳ ವಿಜ್ಞಾನಗಳನ್ನು ಚಿತ್ರಗಳ ಸಹಾಯದಿಂದ ಕಲಿತ ಮಕ್ಕಳು, ಚಿತ್ರಗಳಿಲ್ಲದೆ ಕಲಿತವರಿಗಿಂತ ಮುಂದಿದ್ದರು. ಆ ಪರೀಕ್ಷೆಯ ವೆಚ್ಚವನ್ನು ಫಿಲ್ಮು ಮಾರುವ ಕಂಪೆನಿಯೇ ವಹಿಸಿತ್ತೆಂಬುದನ್ನೂ ನಾವು ಜ್ಞಾಪಕದಲ್ಲಿಡಬೇಕು. ಆದರೆ 1950ರಲ್ಲಿ ಹೋಬನ್ ಮತ್ತು ವ್ಯಾನ್ ಆರ್ಮರ್ ಎಂಬುವರು ಹಿಂದಿನ ಮೂವತ್ತು ವರ್ಷಗಳ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ, ಒಳ್ಳೆಯ ಚಿತ್ರವು ಕಲಿಸಬಲ್ಲುದೆಂದೇ ತಿಳಿದುಬಂತು. ಅದರೊಡನೆ, ಚಿತ್ರಕ್ಕೆ ಮುಂಚೆ ಪೀಠಿಕೆಯನ್ನು ಹೇಳಿದರೆ, ಚಿತ್ರವನ್ನು ಎರಡನೆಯ ಸಲ ತೋರಿಸಿದರೆ, ತೋರಿಸಿದ ಮೇಲೆ ಪುನರಾವಲೋಕನ ನಡೆಸಿದರೆ ಫಲವು ಅಧಿಕವಾಗುವುದೆಂಬುದೂ ಸ್ಪಷ್ಟವಾಯಿತು.

ಆ ಉಳಿದ ಅರ್ಧ ಗಂಟೆಯ ಮಹತ್ವವು ಇಲ್ಲಿಯೇ ಇದೆ. ಉಪಾಧ್ಯಾಯಿನಿಯು ಮೊದಲು ತಾನೊಬ್ಬಳೇ ಚಿತ್ರವನ್ನು ನೋಡತಕ್ಕದ್ದು. ಬಳಿಕ ತರಗತಿಯಲ್ಲಿ ಎರಡು ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು, ಇವುಗಳಿಗೆ ಉತ್ತರವನ್ನು ಹುಡುಕಿರೆಂದು ಹೇಳಿ, ಚಿತ್ರವನ್ನು ತೋರಿಸಬೇಕು. ಅದು ಮುಗಿದೊಡನೆ ಮಕ್ಕಳ ಬಾಯಿಂದಲೇ ಉತ್ತರಗಳನ್ನು ಹೊರಡಿಸಿ, ಸಂದೇಹವಿದ್ದ ಭಾಗವನ್ನು ಮತ್ತೊಮ್ಮೆ ತೋರಿಸಬೇಕು. ಪ್ರಶ್ನೆಯಿಲ್ಲದೆ ನೋಡಿದ ಚಿತ್ರವು ಓಡುವ ರೈಲಿನ ಕಿಟಕಿಯಿಂದ ಕಂಡ ಊರಿನಂತೆ. ಕಂಡದ್ದು ನಿಜ, ಆದರೆ ಅಲ್ಲಿ ಯಾರ ಪರಿಚಯವೂ ಆಗಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೋಗಲಾಡಿಸುವುದು ಉಚಿತ. ಓದಿದುದರಲ್ಲಿ ನೂರಕ್ಕೆ ಹತ್ತು, ನೋಡಿದುದರಲ್ಲಿ ನೂರಕ್ಕೆ ಮೂವತ್ತು ನೆನಪಿನಲ್ಲಿ ಉಳಿಯುವುದೆಂಬ ಅಂಕಿಗಳನ್ನು ಎಡ್ಗರ್ ಡೇಲ್ ಎಂಬ ಪಂಡಿತನ ಹೆಸರಿನಲ್ಲಿ ಎಷ್ಟೋ ಕಡೆ ಹೇಳುವುದುಂಟು. ಡೇಲನು 1946ರಲ್ಲಿ ರಚಿಸಿದ ‘ಅನುಭವದ ಶಂಕು’ವಿನಲ್ಲಿ ಇಂಥ ಅಂಕಿಗಳು ಇರಲೇ ಇಲ್ಲ, ಅವನ್ನು ಇತರರು ತರುವಾಯ ಸೇರಿಸಿದರು. ಆತನು ತನ್ನ ಶಂಕುವಿನ ತಳದಲ್ಲಿಟ್ಟುದು ಕೈಯಿಂದ ಮಾಡಿ ಕಲಿಯುವ ಸಾಕ್ಷಾದನುಭವವನ್ನು. ಬೀಜವನ್ನು ತಾನೇ ನೆಟ್ಟು ನೀರೆರೆದ ಬಾಲಿಕೆಗೆ ಮೊಳಕೆಯ ಚಿತ್ರದಿಂದ ಆಗುವ ಲಾಭವು ನೆಡದವಳಿಗೆ ಆಗಲಾರದು.

ಚಿತ್ರವು ಏನನ್ನು ಕಲಿಸುತ್ತದೆ, ಯಾರ ಪ್ರಯೋಜನಕ್ಕಾಗಿ ಕಲಿಸುತ್ತದೆ ಎಂಬುದನ್ನು ವಿಚಾರಿಸುವುದು ಇನ್ನೊಂದು ಕರ್ತವ್ಯ. ಅಮೇರಿಕದ ಕೊರೊನೆಟ್ ಸಂಸ್ಥೆಯವರು 1947ರಲ್ಲಿ ‘ಆರ್ ಯು ಪಾಪ್ಯುಲರ್?’ ಎಂಬ ಚಿತ್ರವನ್ನು ತಯಾರಿಸಿದರು. ಹುಡುಗಿಯರ ನಡೆನುಡಿಯನ್ನು ತಿದ್ದುವುದೇ ಅದರ ಉದ್ದೇಶವಾದರೂ, ಹುಡುಗಿಯ ಯೋಗ್ಯತೆಯನ್ನು ಇತರರ ಮೆಚ್ಚುಗೆಯಿಂದಲೇ ಅಳೆಯುವ ದೋಷವು ಅದರಲ್ಲಿದೆ. ಅದರ ಹಿಂದಿನ ವರ್ಷ, ಎಂದರೆ 1946ರಲ್ಲಿ, ವಾಲ್ಟ್ ಡಿಸ್ನಿಯವರು ಸುಮಾರು ಹತ್ತು ನಿಮಿಷಗಳ ‘ದಿ ಸ್ಟೋರಿ ಆಫ್ ಮೆನ್‌ಸ್ಟ್ರುಯೇಷನ್’ ಎಂಬ ಚಿತ್ರದಲ್ಲಿ ಹೆಣ್ಣುಮಕ್ಕಳ ಮುಟ್ಟಿನ ವಿಷಯವನ್ನು ಶಾಸ್ತ್ರೀಯವಾಗಿ ವಿವರಿಸಿದರು. ಅದರ ವೆಚ್ಚವನ್ನು ಕೊಟ್ಟವರು ಕೊಟೆಕ್ಸ್ ಎಂಬ ಪ್ಯಾಡುಗಳನ್ನು ಮಾರುವ ಕಂಪೆನಿಯವರು. ರಕ್ತವನ್ನು ಕೆಂಪಾಗಿ ತೋರಿಸುವ ಧೈರ್ಯವು ಅವರಿಗಿಲ್ಲದೆ ಬಿಳುಪಾಗಿ ತೋರಿಸಿದರು. ಆದರೂ ಆ ದಿನಗಳಲ್ಲಿ ಸ್ನಾನಮಾಡಬಾರದು, ವ್ಯಾಯಾಮ ಮಾಡಬಾರದು ಎಂಬ ಮೂಢನಂಬಿಕೆಗಳನ್ನು ಆ ಚಿತ್ರವು ಅಲ್ಲಗಳೆಯಿತು. ತಾಯಂದಿರೂ ಹೇಳಲು ನಾಚುತ್ತಿದ್ದುದನ್ನು ಅಸಂಖ್ಯಾತ ಬಾಲಿಕೆಯರಿಗೆ ಹೇಳಿತು. ಏನೂ ತಿಳಿಯದೆ, ತನಗೆ ರೋಗ ಬಂದಿತೆಂದು ಹೆದರಿ ಅಳುವ ಹುಡುಗಿಯರು ಇಂದಿಗೂ ನಮ್ಮ ನಾಡಿನಲ್ಲಿ ಇದ್ದಾರೆ. ಈ ವಿಷಯದಲ್ಲಿ ಚಿತ್ರವೊಂದನ್ನು ತೋರಿಸಿ ಕೈತೊಳೆದುಕೊಂಡರೆ ಸಾಲದು. ಹತ್ತಿರ ಕುಳ್ಳಿರಿಸಿಕೊಂಡು ಅವರ ಪ್ರಶ್ನೆಗಳಿಗೆ ಉತ್ತರ ಕೊಡುವ ಒಬ್ಬ ಹಿರಿಯಳು ಬೇಕು.

ಶಾಲೆಯ ಹೊರಗೂ ವಿದ್ಯಾಚಿತ್ರಗಳು ಬಹಳ ದೂರ ಪ್ರಯಾಣ ಮಾಡಿದುವು. ಕೆನಡ ದೇಶದಲ್ಲಿ 1939ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಮಂಡಲಿಯು ಸ್ಥಾಪಿಸಲ್ಪಟ್ಟು, ಜಾನ್ ಗ್ರಿಯರ್ಸನ್ನನು ಅದರ ಮುಖ್ಯಸ್ಥನಾದನು. 1942ರಿಂದ ಅದರ ಸಂಚಾರಿ ನೌಕರರು ಪ್ರೊಜೆಕ್ಟರನ್ನೂ, ವಿದ್ಯುತ್ತಿಲ್ಲದ ಊರುಗಳಿಗೆ ಜನರೇಟರನ್ನೂ ಹೊತ್ತು ಹಳ್ಳಿಯಿಂದ ಹಳ್ಳಿಗೆ ಹೋಗಿ, ಮಧ್ಯಾಹ್ನ ಮಕ್ಕಳಿಗೂ ಸಂಜೆ ಹಿರಿಯರಿಗೂ ಚಿತ್ರಗಳನ್ನು ತೋರಿಸುತ್ತಿದ್ದರು. ತೋರಿಸಿದ ಮೇಲೆ ಊರಿನವರು ಕೂಡಿ ಚರ್ಚಿಸುವುದು ಆ ಕಾರ್ಯಕ್ರಮದ ಮುಖ್ಯ ಅಂಗವಾಗಿತ್ತು.

ನಮ್ಮ ದೇಶದಲ್ಲಿ 1948ರಲ್ಲಿ ಭಾರತ ಸರಕಾರದ ಫಿಲ್ಮ್ಸ್ ಡಿವಿಷನ್ ಎಂಬ ಇಲಾಖೆಯು ಹುಟ್ಟಿತು. ಅದರ ಚಿತ್ರಗಳನ್ನು ಚಲಚ್ಚಿತ್ರ ಮಂದಿರಗಳಲ್ಲಿ ಕಡ್ಡಾಯವಾಗಿ ತೋರಿಸಲಾಗುತ್ತಿತ್ತು. ಸರಕಾರದ ಪ್ರಚಾರದ ವ್ಯಾನುಗಳು ಇಂಥ ಚಿತ್ರಗಳನ್ನು ಹಳ್ಳಿಗಳಿಗೂ ಒಯ್ದುವು. ಕನ್ನಡವೂ ಸೇರಿ ದೇಶದ ಅನೇಕ ಭಾಷೆಗಳಲ್ಲಿ ಅವುಗಳಿಗೆ ಮಾತನ್ನು ಅಳವಡಿಸಿದರು. 2022ರಲ್ಲಿ ಆ ಇಲಾಖೆಯ ಕಾರ್ಯಭಾರವು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮಕ್ಕೆ ಒಪ್ಪಿಸಲ್ಪಟ್ಟಿತು. ಮಾತು ನೋಡುವವರ ಭಾಷೆಯದಾಗಿರುವುದು ಅವಶ್ಯವಾದರೂ ಅಷ್ಟೇ ಸಾಲದು. ತೆರೆಯ ಮೇಲೆ ಆನೆಯಷ್ಟು ದೊಡ್ಡದಾಗಿ ಕಾಣುವ ಸೊಳ್ಳೆಯು ನಮ್ಮ ಮನೆಯ ತೊಟ್ಟಿಯಲ್ಲಿ ಹುಟ್ಟುವ ಆ ಸಣ್ಣ ಸೊಳ್ಳೆಯೇ ಎಂದು ಹೇಳುವವರೊಬ್ಬರು ಪಕ್ಕದಲ್ಲಿ ಇರಬೇಕು. ಇಲ್ಲವಾದರೆ ಜನರು ಚಿತ್ರವನ್ನು ನೋಡಿ ಆನಂದಿಸಿ ಮನೆಗೆ ಹೋಗುವರು; ತೊಟ್ಟಿಯ ನೀರು ಹಾಗೆಯೇ ಇರುವುದು.

ಆ 16 ಮಿಲಿಮೀಟರಿನ ಸುರುಳಿಗಳೂ ಯಂತ್ರಗಳೂ ಇಂದು ಶಾಲೆಗಳಿಂದ ಮಾಯವಾಗಿವೆ. ಹಿಂದೆ ಒಂದು ಸುರುಳಿಯನ್ನು ತರಿಸಲು ಮೊದಲೇ ಬರೆದು ಕಾಯಬೇಕಾಗಿತ್ತು. ಇಂದು ಬೇಕಾದ ಚಿತ್ರವು ಬೆರಳಿನ ತುದಿಯಲ್ಲಿದೆ. ಆದರೆ 11 ನಿಮಿಷಗಳಿಗೆ ತಾನಾಗಿಯೇ ಮುಗಿಯುತ್ತಿದ್ದ ಆ ಸುರುಳಿಯು ಮಗುವಿಗೆ ಯೋಚಿಸಲು ಬಿಡುವು ಕೊಡುತ್ತಿತ್ತು. ಇಂದಿನ ಚಿತ್ರವು ಮುಗಿಯುವ ಮೊದಲೇ ಮತ್ತೊಂದು ಕಾದು ನಿಂತಿರುತ್ತದೆ. ಆದುದರಿಂದ ಆ ಬಿಡುವನ್ನು ಈಗ ನಾವೇ ಏರ್ಪಡಿಸಬೇಕಾಗಿದೆ. ತಾಯಿತಂದೆಗಳು ಮಗಳು ನೋಡಿದ ಚಿತ್ರವನ್ನು ಕುರಿತು ಊಟದ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಲಿ. ವಿದ್ಯಾರ್ಥಿನಿಯರೇ, ನೀವೂ ಪ್ರತಿಯೊಂದು ಚಿತ್ರವು ಮುಗಿದಾಗ, ಇದನ್ನು ಯಾರು ಮಾಡಿದರು, ಏತಕ್ಕಾಗಿ ಮಾಡಿದರು, ನಾನು ಕಲಿತದ್ದೇನು ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಉತ್ತರವು ಹೊಳೆಯದಿದ್ದರೆ ಸಂಕೋಚಪಡದೆ ನಿಮ್ಮ ಉಪಾಧ್ಯಾಯಿನಿಯರ ಬಳಿಗೆ ಬನ್ನಿರಿ.