ಚಳಿಯ ಬೆಳಗಿನಲ್ಲಿ ಮುನಿಯುವ ಟ್ರ್ಯಾಕ್ಟರ್

ಜನವರಿಯ ಇಬ್ಬನಿ ಇನ್ನೂ ಆರಿರುವುದಿಲ್ಲ. ಸೊಪ್ಪಿನಬೆಟ್ಟದಿಂದ ಒಣ ದರಕು ತರಲು ಆಳುಗಳು ಬಂದು ನಿಂತಿರುತ್ತಾರೆ. ಹಳೆಯ ಟ್ರ್ಯಾಕ್ಟರ್ ಮಾತ್ರ ನಾಲ್ಕು ಬಾರಿ ಸೆಲ್ಫ್ ಹೊಡೆದರೂ ಗೊರಗೊರ ಎಂದು ಸುಮ್ಮನಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಇದು ಹೊಸ ದೃಶ್ಯವಲ್ಲ. ‘ಪಂಪ್ ಬಿಚ್ಚಬೇಕು’ ಎಂಬ ತೀರ್ಪು ಬೇಗ ಬರುತ್ತದೆ. ಮಕ್ಕಳ ಶಾಲೆಯ ಶುಲ್ಕಕ್ಕೆಂದು ತೆಗೆದಿಟ್ಟ ಹಣ ಅದಕ್ಕೇ ಹೋಗುತ್ತದೆ. ಅದಕ್ಕೆ ಮೊದಲು ನೋಡಬೇಕಾದ್ದು ಬಹಳವಿದೆ. ಅದೆಲ್ಲ ಪ್ರೌಢಶಾಲೆಯ ವಿಜ್ಞಾನವೇ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುತ್ತದೆ, ಡೀಸೆಲ್ ಎಂಜಿನ್ನಿನಲ್ಲಿ ಇಲ್ಲ. ಸೈಕಲ್ ಪಂಪ್ ಒತ್ತುತ್ತಾ ಹೋದರೆ ಅದರ ಬುಡ ಬಿಸಿಯಾಗುವುದನ್ನು ಮಕ್ಕಳು ಬಲ್ಲರು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟೂ ಇದೇ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದಾಗ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಆಗ ಸಿಂಪಡಣೆಯಾದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರಿಂಗ್ ಸವೆದು ಗಾಳಿ ಸೋರಿದರೆ, ತಣ್ಣನೆಯ ಕಬ್ಬಿಣ ಶಾಖ ಹೀರಿಕೊಂಡರೆ, ಎಂಜಿನ್ ನಿಧಾನವಾಗಿ ತಿರುಗಿದರೆ ಅಷ್ಟು ಬಿಸಿ ಹುಟ್ಟುವುದಿಲ್ಲ.

ನಿಧಾನವಾಗಿ ತಿರುಗುವುದೇಕೆ? ಓಮ್‌ನ ನಿಯಮವನ್ನು ಇಲ್ಲಿ ನೆನೆಯಬೇಕು. ಸ್ಟಾರ್ಟರ್ ಮೋಟಾರ್ ನೂರಾರು ಆಂಪಿಯರ್ ವಿದ್ಯುತ್ ಎಳೆಯುತ್ತದೆ. 200 ಆಂಪಿಯರ್ ಹರಿಯುವ ದಾರಿಯಲ್ಲಿ, ಬ್ಯಾಟರಿಯ ಟರ್ಮಿನಲ್‌ಗೆ ಹಿಡಿದ ಬಿಳಿ ಹಿಟ್ಟಿನಿಂದಾಗಿ 0.01 ಓಮ್‌ನಷ್ಟು ರೋಧ ಸೇರಿದರೂ 2 ವೋಲ್ಟ್ ಅಲ್ಲೇ ನಷ್ಟ. ಇರುವುದೇ 12! ಬ್ಯಾಟರಿ ಹಾಳಾಗಿದೆಯೆಂದು ಹೊಸದನ್ನು ತರುವವರು ಮೊದಲು ಟರ್ಮಿನಲ್ ಕಳಚಿ, ಬಿಸಿನೀರಿನಲ್ಲಿ ತೊಳೆದು, ಒರಸಿ, ಬಿಗಿ ಮಾಡಿ ನೋಡಬೇಕು. ಎಂಜಿನ್ನಿಗೆ ಜೋಡಿಸಿದ ಅರ್ತ್ ತಂತಿಯನ್ನೂ ಮರೆಯಬಾರದು. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಅದು ತುಕ್ಕು ಹಿಡಿದಿರುವುದು ಸಾಮಾನ್ಯ.

ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತದಿದ್ದರೆ ಸೈಲೆನ್ಸರ್ ಕಡೆ ನೋಡಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ. ಎಂಜಿನ್ ನಿಲ್ಲಿಸಲು ಹಿಂದಿನ ಸಂಜೆ ಎಳೆದ ಗುಂಡಿಯನ್ನು ಒಳಗೆ ತಳ್ಳಲು ಮರೆತಿರಬಹುದು (ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ). ಫಿಲ್ಟರ್ ಕಟ್ಟಿರಬಹುದು, ಪೈಪಿನಲ್ಲಿ ‘ಏರ್’ ಹಿಡಿದಿರಬಹುದು. ಗಾಳಿ ಅದುಮಿದರೆ ಕುಗ್ಗುತ್ತದೆ, ಡೀಸೆಲ್ ಹಾಗೆ ಕುಗ್ಗುವುದಿಲ್ಲ. ಆದ್ದರಿಂದ ಒಂದು ಗುಳ್ಳೆಯೇ ಪಂಪಿನ ಒತ್ತಡವನ್ನು ನುಂಗಿಬಿಡಬಲ್ಲದು. ಫಿಲ್ಟರ್ ಮೇಲಿನ ತಿರುಪು ಸಡಿಲಿಸಿ, ಕೈಪಂಪ್ ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿದರಾಯಿತು. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಶಾಖ ಸಾಲದು. ಟ್ಯಾಂಕಿನಲ್ಲಿ ನೀರು ಸೇರಿದ್ದರೂ ಹೀಗಾಗಬಹುದು. ಅರ್ಧ ಖಾಲಿಯಾದ ಟ್ಯಾಂಕಿನ ತೇವದ ಗಾಳಿ ರಾತ್ರಿ ತಣಿದು ಹನಿಗಟ್ಟುತ್ತದೆ. ಡೀಸೆಲ್‌ಗಿಂತ ಭಾರವಾದ ನೀರು ತಳ ಸೇರುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಇದಕ್ಕಾಗಿ.

ಹಳೆಯ ಗಾಡಿಗಳ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು. 1971ರಲ್ಲಿ ಚೆಕೊಸ್ಲೊವಾಕಿಯದ ಜೆಟರ್ ತಂತ್ರಜ್ಞಾನದೊಂದಿಗೆ ಟ್ರ್ಯಾಕ್ಟರ್ ತಯಾರಿಕೆಗೆ ಇಳಿದ ಎಚ್.ಎಂ.ಟಿ.ಯ ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ನಿರ್ಧರಿಸಿತು. ತಯಾರಿಕೆ ನಿಂತ ಯಂತ್ರದ ಸರಿಯಿರುವ ಪಂಪನ್ನು ಸುಮ್ಮನೆ ಬಿಚ್ಚಿಸುವುದು ಜಾಣತನವಲ್ಲ.

ಮನೆಯ ಹುಡುಗರಿಗೆ ಎರಡು ಕೆಲಸಗಳನ್ನು ಖಂಡಿತ ಬೇಡವೆನ್ನಬೇಕು. ಚಕ್ರದ ಪಕ್ಕ ನಿಂತು ಸ್ಕ್ರೂಡ್ರೈವರ್‌ನಿಂದ ಸ್ಟಾರ್ಟರಿನ ಟರ್ಮಿನಲ್ ಕೂಡಿಸುವುದು ಒಂದು: ಗಾಡಿ ಗೇರಿನಲ್ಲಿದ್ದರೆ ಹಿಂದಿನ ಗಾಲಿ ಮೈಮೇಲೆಯೇ ಹರಿಯುತ್ತದೆ. ಇನ್ನೊಂದು, ಇಂಜೆಕ್ಟರ್ ಚಿಮ್ಮುವಲ್ಲಿ ಬೆರಳು ಹಿಡಿಯುವುದು. ವಾತಾವರಣದ ಒತ್ತಡದ ನೂರಕ್ಕೂ ಹೆಚ್ಚು ಪಟ್ಟು ರಭಸದ ಆ ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ ಗಾಯ ಸೂಜಿಮೊನೆಯಷ್ಟೇ ಕಾಣುತ್ತದೆ. ತಡಮಾಡಿದರೆ ಬೆರಳೇ ಹೋಗಬಹುದು. ಕೂಡಲೇ ಆಸ್ಪತ್ರೆಗೆ ಓಡಬೇಕು.

ಇಷ್ಟೆಲ್ಲ ಸರಿಯಿದ್ದೂ ದಿನವೂ ಬೆಳಗ್ಗೆ ಬಿಳಿ ಹೊಗೆ, ಬಿಸಿಯಾದ ಮೇಲೆ ಮಾತ್ರ ಸಲೀಸು ಎಂದಾದರೆ ರಿಂಗ್, ವಾಲ್ವ್, ಇಂಜೆಕ್ಟರುಗಳ ಪರೀಕ್ಷೆಗೆ ಮೆಕ್ಯಾನಿಕ್‌ನನ್ನು ಕರೆಸಬೇಕು. ಹೊಗೆಯ ಬಣ್ಣವನ್ನು ಆತನಿಗೆ ಮೊದಲೇ ಹೇಳಿದರೆ ಅರ್ಧ ದಿನದ ಕೂಲಿ ಉಳಿಯುತ್ತದೆ.