ಭಾರತದ ಅರ್ಧ ಕರೆಂಟ್ ಸೋಲಾರ್‌ನಿಂದ ಬರುತ್ತಿದೆಯೇ?

‘ಭಾರತದ ಅರ್ಧ ಕರೆಂಟ್ ಈಗ ಸೋಲಾರ್‌ನದ್ದು, ಎಲ್ಲರಿಗೂ ಕಳಿಸಿ’ ಎಂಬಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಗೌರಿಬಿದನೂರಿನ ಕಡೆ ಬೋರ್‌ವೆಲ್ ನಂಬಿದ ರೈತರಿಗೆ ಇದನ್ನು ಓದಿದರೆ ನಗು ಬರಬಹುದು. ಅರ್ಧ ಕರೆಂಟ್ ಬಿಸಿಲಿನದ್ದೇ ಆದರೆ, ಪಂಪ್‌ಸೆಟ್ ಹಾಕಲು ಟಾರ್ಚ್ ಹಿಡಿದು ರಾತ್ರಿ ಹೊಲಕ್ಕೆ ಹೋಗುವುದು ಯಾಕೆ?

ಸಂದೇಶ ಪೂರ್ತಿ ಸುಳ್ಳಲ್ಲ. 2025ರ ಜೂನ್ ಅಂತ್ಯಕ್ಕೆ ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯ ಸುಮಾರು 485 ಗಿಗಾವಾಟ್. ಅದರಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ ಸುಡದ ಸ್ಥಾವರಗಳದ್ದು. ಆದರೆ ಆ ಅರ್ಧದಲ್ಲಿ ಸೋಲಾರ್ ಮಾತ್ರವಲ್ಲ, ಗಾಳಿ, ಜಲವಿದ್ಯುತ್, ಅಣುವಿದ್ಯುತ್ ಎಲ್ಲವೂ ಸೇರಿವೆ.

ಇನ್ನೂ ದೊಡ್ಡ ಎಡವಟ್ಟು ಬೇರೆ ಇದೆ. ಇದು ಸಾಮರ್ಥ್ಯದ ಲೆಕ್ಕ, ಉತ್ಪಾದನೆಯಾದ ಯೂನಿಟ್‌ಗಳ ಲೆಕ್ಕವಲ್ಲ. 1 ಕಿಲೋವಾಟ್ ಯಂತ್ರ ದಿನವಿಡೀ ಪೂರ್ತಿ ಓಡಿದರೆ 24 ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಸೋಲಾರ್ ಪ್ಯಾನೆಲ್ ನಮ್ಮ ಬಯಲುಸೀಮೆಯ ಬಿಸಿಲಲ್ಲೂ ಕೊಡುವುದು ಹೆಚ್ಚುಕಮ್ಮಿ 4 ಯೂನಿಟ್. ಬೆಳಿಗ್ಗೆ ಸಂಜೆ ಬಿಸಿಲು ಕಮ್ಮಿ, ರಾತ್ರಿ ಸೊನ್ನೆ. ಹಾಗಾಗಿ ಸಾಮರ್ಥ್ಯದಲ್ಲಿ ಅರ್ಧ ಇದ್ದರೂ, ಭಾರತ ನಿಜವಾಗಿ ಬಳಸುವ ಕರೆಂಟ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದೇ.

ಜಗತ್ತಿನ ಲೆಕ್ಕ? 2024ರಲ್ಲಿ ಒಟ್ಟು ವಿದ್ಯುತ್ತಿನ ಸುಮಾರು ಶೇ 32ರಷ್ಟು ನವೀಕರಿಸಬಹುದಾದ ಮೂಲಗಳಿಂದ ಬಂತು. ಸೋಲಾರ್ ಪಾಲು ಶೇ 7ರ ಆಸುಪಾಸು. ಸಣ್ಣದೆನಿಸಬಹುದು, ಆದರೆ ಮೂರೇ ವರ್ಷದಲ್ಲಿ ಸೋಲಾರ್ ಉತ್ಪಾದನೆ ದುಪ್ಪಟ್ಟಾಗಿದೆ. ಇದು ಕೂಡ ಕರೆಂಟ್‌ನ ಲೆಕ್ಕ ಮಾತ್ರ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಲು ಉರಿಸುವ ಸೌದೆ, ಚಿಂತಾಮಣಿಯಿಂದ ಟೊಮೆಟೊ ಹೊತ್ತು ಹೋಗುವ ಲಾರಿಯ ಡೀಸೆಲ್ ಇದರಲ್ಲಿ ಇಲ್ಲ. ಅವೂ ಇಂಧನವೇ ತಾನೇ?

ಹಾಗಂತ ಸೋಲಾರ್ ಬರೀ ಬುರುಡೆ ಎಂದುಕೊಳ್ಳಬೇಡಿ. ಬಿಸಿಲಿದ್ದಾಗಲೇ ಮಾಡಬಹುದಾದ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ನೀರು ಹಾಯಿಸುವುದು ಅಂಥ ಕೆಲಸ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಬಳಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕುಸುಮ್-ಸಿ ಯೋಜನೆಗೆ ಚಾಲನೆ ಕೊಟ್ಟದ್ದು ಇದಕ್ಕಾಗಿಯೇ. ಸಬ್‌ಸ್ಟೇಷನ್ ಹತ್ತಿರವೇ ಪ್ಯಾನೆಲ್ ಹಾಕಿ, ಅಲ್ಲಿಂದ ಪಂಪ್‌ಸೆಟ್‌ಗಳ ಫೀಡರ್‌ಗೆ ಹಗಲು ಹೊತ್ತಿನಲ್ಲೇ 7 ಗಂಟೆ ಕರೆಂಟ್ ಕೊಡುವುದು ಉದ್ದೇಶ. ಹಾವು ಚೇಳಿನ ಭಯದಲ್ಲಿ ಮಧ್ಯರಾತ್ರಿ ಗದ್ದೆಗಿಳಿದವರಿಗೆ ಇದರ ಬೆಲೆ ಗೊತ್ತು. ಒಂದು ಮಾತು: ಪ್ಯಾನೆಲ್ ಕರೆಂಟ್ ತರುತ್ತದೆ, ನೀರನ್ನಲ್ಲ. ನದಿನಾಲೆ ಇಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ಹಗಲು ಕರೆಂಟ್ ಸಿಕ್ಕಿತೆಂದು ಮೋಟಾರ್ ಆಫ್ ಮಾಡದೇ ಬಿಟ್ಟರೆ ಅಂತರ್ಜಲ ಇನ್ನೂ ಕೆಳಗಿಳಿಯುತ್ತದೆ.

ಸಂಜೆ ಆರರ ಮೇಲೆ ಏನು? ಮನೆಮನೆಯಲ್ಲಿ ದೀಪ, ಟಿವಿ, ಫ್ಯಾನ್ ಶುರುವಾಗುವ ಹೊತ್ತಿಗೇ 2,050 ಮೆಗಾವಾಟ್‌ನ ಪಾವಗಡದ ಸೋಲಾರ್ ಪಾರ್ಕ್ ಕೂಡ ಸುಮ್ಮನಾಗುತ್ತದೆ. ಬ್ಯಾಟರಿಗಳು ದೊಡ್ಡ ಪ್ರಮಾಣದಲ್ಲಿ ಬರುವವರೆಗೆ ಆ ಹೊತ್ತಿನ ಹೊರೆ ಹೊರುವುದು ಶರಾವತಿಯ ನೀರು ಮತ್ತು ರಾಯಚೂರಿನ ಕಲ್ಲಿದ್ದಲಿನಂಥವೇ.